ಹಿಮ ಬಿದ್ದ ದಿನ ಬಿಸಿನೀರು ಸುರಿಯಬೇಡಿ

ಮಡಗಾಂವ್‌ನ ಮೋತಿ ಡೊಂಗರ್‌ನಲ್ಲಿ ಬೆಳೆದ ನಮ್ಮ ಕನ್ನಡದ ಹುಡುಗರಿಗೆ ಧೋ ಎಂದು ಸುರಿಯುವ ಮಳೆ ಗೊತ್ತು, ಹಿಮ ಗೊತ್ತಿಲ್ಲ. ಪರದೇಶಕ್ಕೆ ಹೊರಟಿದ್ದರೆ ಸ್ವಲ್ಪ ಕೇಳಿ. ಬಿಸಿಲ ಸೀಮೆ ಅಂತ ನಂಬಿ ಕೂರಬೇಡಿ. 2021ರ ಫೆಬ್ರುವರಿಯಲ್ಲಿ ಟೆಕ್ಸಸ್‌ನಲ್ಲೇ ಹಿಮ ಸುರಿದು, ಲಕ್ಷಾಂತರ ಮನೆಗಳ ಕರೆಂಟ್ ಹೋಗಿ, ನೀರಿನ ಪೈಪುಗಳು ಒಡೆದವು. ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ. ಅದಕ್ಕೇ ಅಂಥ ರಾತ್ರಿ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡಿ, ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ. (ನೀರು ದಂಡ ಮಾಡ್ತೀಯಾ ಅಂತ ಊರಲ್ಲಿ ಅಜ್ಜಿ ಬೈದಾರು, ಬೈಯಲಿ.) ಹಿಮ ಕಟ್ಟಿದ ಕಾರಿನ ಗಾಜಿಗೆ ಕುದಿನೀರು ಸುರಿದರೆ ಗಾಜೇ ಬಿರುಕು ಬಿಟ್ಟೀತು, ಹಿಮವನ್ನು ಕೆರೆದು ತೆಗೆಯಿರಿ. ಚಳಿಯೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲು ಹೊತ್ತಿಸಲೇಬೇಡಿ. ಅದರಿಂದ ಹೊರಡುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಟೆಕ್ಸಸ್‌ನಲ್ಲಿ ಆಗ ಅದರಿಂದಲೂ ಜನ ಸತ್ತರು. ಇನ್ನು ನಡಿಗೆ: ಹೆಜ್ಜೆ ಚಿಕ್ಕದಿರಲಿ, ಕೈ ಜೇಬಿನಿಂದ ಹೊರಗಿರಲಿ.