ಕಾರ್ಡ್ ಹೊಸದು, ಎಸ್‌ಎಂಪಿಎಸ್ ಹಳೆಯದು: ಪಿನ್ ಹೊಂದಿಸುವ ಸೂತ್ರಗಳು

1. ಮೊದಲು ಕೂಡಿಸುವ ಲೆಕ್ಕ. ಮದರ್‌ಬೋರ್ಡಿನ ಸ್ಲಾಟ್‌ನಿಂದ ಗ್ರಾಫಿಕ್ಸ್ ಕಾರ್ಡಿಗೆ ಸಿಗುವುದು ಹೆಚ್ಚೆಂದರೆ 75 ವ್ಯಾಟ್. 6 ಪಿನ್ ಕೇಬಲ್ ಇನ್ನೊಂದು 75 ಸೇರಿಸುತ್ತದೆ, 8 ಪಿನ್ನಿನದು 150. ಜಿಟಿಎಕ್ಸ್ 1650ರ ಹಲವು ಮಾದರಿಗಳಿಗೆ ಕೇಬಲ್ಲೇ ಬೇಡ. 170 ವ್ಯಾಟಿನ ಆರ್‌ಟಿಎಕ್ಸ್ 3060ಕ್ಕೆ ಒಂದು 8 ಪಿನ್ ಧಾರಾಳ.

2. 8 ಪಿನ್ ಎಲ್ಲವೂ ಒಂದೇ ಅಲ್ಲ. 4+4 ಆಗಿ ಸೀಳಿರುವುದು ಪ್ರೊಸೆಸರಿನದು, 6+2 ಇರುವುದು ಕಾರ್ಡಿನದು. ಒಂದರಲ್ಲಿ 12 ವೋಲ್ಟ್ ಇರುವ ಸಾಲಿನಲ್ಲಿ ಇನ್ನೊಂದರದು ಗ್ರೌಂಡ್. ಪಿನ್ನುಗಳ ಆಕಾರ ಬೇರೆ ಮಾಡಿರುವುದೇ ಇದಕ್ಕಾಗಿ. ಆದರೆ ನಮ್ಮವರ ಹೆಬ್ಬೆರಳಿನ ಬಲ ಕಡಿಮೆಯದೇನಲ್ಲ! ಸಲೀಸಾಗಿ ಹೋಗದಿದ್ದರೆ ಒತ್ತಬೇಡಿ, ಕೇಬಲ್ ತಪ್ಪಾಗಿದೆ.

3. ಮಾಡ್ಯುಲರ್ ಕೇಬಲ್ ಕಡ ತರಬೇಡಿ. ದುಡ್ಡು ಸುಡುವ ತಪ್ಪುಗಳಲ್ಲಿ ಇದೇ ಮೊದಲನೆಯದು. ಕಾರ್ಡಿನ ಕಡೆಯ ತುದಿಗೆ ಎಲ್ಲ ಕಂಪನಿಗಳೂ ಒಂದೇ ನಿಯಮ ಪಾಲಿಸುತ್ತವೆ; ಎಸ್‌ಎಂಪಿಎಸ್ ಕಡೆಯ ತುದಿಗೆ ಅಂಥ ನಿಯಮವೇ ಇಲ್ಲ. ಯಾವ ತೂತಿನಲ್ಲಿ 12 ವೋಲ್ಟ್, ಯಾವುದರಲ್ಲಿ ಗ್ರೌಂಡ್ ಎಂಬುದು ಅವರವರ ಇಷ್ಟ. ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಬೇರೆ ಇರಬಹುದು. ಹಳೆಯ ಕೇಬಲ್ ಹೊಸ ಡಬ್ಬಿಗೆ ಅಚ್ಚುಕಟ್ಟಾಗಿ ಕೂರುತ್ತದೆ, ಸ್ವಿಚ್ ಒತ್ತಿದಾಗ ಹಾರ್ಡ್ ಡಿಸ್ಕ್ ಹೋಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೂಲ ಕೇಬಲ್‌ಗಳನ್ನು ಜೊತೆಗೇ ಕೇಳಿ ಪಡೆಯಿರಿ. ಅವಿಲ್ಲದ ಎಸ್‌ಎಂಪಿಎಸ್ ಅಗ್ಗವಾಗಿದ್ದರೂ ದುಬಾರಿಯೇ.

4. ಸಾಟಾದಿಂದ 6 ಪಿನ್ ಮಾಡುವ ಅಡಾಪ್ಟರ್ ಬೇಡ. ಸಾಟಾ ಕನೆಕ್ಟರ್ 12 ವೋಲ್ಟಿನಲ್ಲಿ ತಾಳುವುದು 54 ವ್ಯಾಟ್, ಕಾರ್ಡ್ ಕೇಳಬಹುದಾದದ್ದು 75.

5. ಕಾರ್ಡಿಗೆ ಎರಡು 8 ಪಿನ್ ಬೇಕಿದ್ದರೆ ಎರಡು ಬೇರೆ ಕೇಬಲ್ ಎಳೆಯಿರಿ. ಒಂದೇ ಕೇಬಲ್ಲಿನ ಜೋಡಿ ತಲೆ ಸಣ್ಣ ಕಾರ್ಡುಗಳಿಗೆ ಸರಿ, 300 ವ್ಯಾಟ್ ಹೀರುವವಕ್ಕಲ್ಲ.

6. 16 ಪಿನ್ನಿನ ಮುಂದೆ ಅವಸರ ಬೇಡ. ಈ ಹೊಸ ಕನೆಕ್ಟರಿನ ಮಿತಿಯಾದ 600 ವ್ಯಾಟ್ ಎಂದರೆ 12 ವೋಲ್ಟಿನಲ್ಲಿ 50 ಆಂಪಿಯರ್; ಅದು ಹರಿಯುವುದು ಬರೀ ಆರು ಸಣ್ಣ ಪಿನ್ನುಗಳಲ್ಲಿ, ತಲಾ ಎಂಟು ಆಂಪಿಯರಿಗೂ ಹೆಚ್ಚು. ಹಳೆಯ 8 ಪಿನ್ನಿನಲ್ಲಿ ಇದು ನಾಲ್ಕರ ಆಸುಪಾಸು. 2022ರಲ್ಲಿ ಆರ್‌ಟಿಎಕ್ಸ್ 4090 ಬಂದ ಹೊಸತರಲ್ಲಿ ಕನೆಕ್ಟರ್ ಕರಗಿದ ಸುದ್ದಿ ಹಬ್ಬಿತು. ಪೂರ್ತಿ ಒಳಗೆ ಕೂರಿಸದಿರುವುದು ಮುಖ್ಯ ಕಾರಣಗಳಲ್ಲೊಂದೆಂದು ಕಂಡುಬಂತು. ಅದಕ್ಕೇ 2023ರ ಪರಿಷ್ಕೃತ 12ವಿ-2x6ರಲ್ಲಿ ಸಂಕೇತದ ಪಿನ್ನುಗಳನ್ನು ಗಿಡ್ಡ ಮಾಡಿದರು: ಅರೆಬರೆ ಕೂತರೆ ಕಾರ್ಡಿಗೆ ಒಪ್ಪಿಗೆಯ ಸಂಕೇತ ಸಿಗದು. ಇಷ್ಟಾದರೂ ಎಲ್ಲ ತಾಪತ್ರಯ ತೀರಿತು ಅನ್ನಲಾರೆ, ಅಂಚು ತೀರ ಕಡಿಮೆ. ಸಂದಿ ಕಾಣದಂತೆ ಒತ್ತಿ, ಟಾರ್ಚ್ ಹಾಕಿ ನೋಡಿ. ಬುಡದಿಂದ ಸುಮಾರು 35 ಮಿಲಿಮೀಟರ್ ತನಕ ಕೇಬಲ್ ಬಗ್ಗಿಸಬೇಡಿ. ಕ್ಯಾಬಿನೆಟ್ ಕೊಳ್ಳುವಾಗಲೇ ಆ ಜಾಗ ಅಳೆದಿಡಿ.

7. ಡಬ್ಬಿಯ ಮೇಲಿನ ದೊಡ್ಡ ಅಂಕಿ ಬಿಟ್ಟು ಬದಿಯ ಪಟ್ಟಿ ಓದಿ. 12 ವೋಲ್ಟಿನ ಎದುರು ಎಷ್ಟು ಆಂಪಿಯರ್ ಇದೆಯೋ ಅದನ್ನು 12ರಿಂದ ಗುಣಿಸಿ. ಕಾರ್ಡ್, ಪ್ರೊಸೆಸರ್ ಎರಡೂ ಬದುಕುವುದು ಅದರ ಮೇಲೇ. 500 ಎಂದು ಬರೆದ ಅಗ್ಗದ ಡಬ್ಬಿಯಲ್ಲಿ ಈ ಗುಣಾಕಾರ 300ಕ್ಕೆ ನಿಂತರೆ ಅಂಗಡಿಯವರಿಗೆ ನಮಸ್ಕಾರ ಹೇಳಿ ಮುಂದಿನ ಅಂಗಡಿಗೆ ನಡೆಯಿರಿ.