ಎರಿ ಹೊಲದಾಗ ಕಿತ್ತುಬಿದ್ದ ಸೋಲಾರ್

ಯಲಬುರ್ಗಾ ತಾಲ್ಲೂಕಿನ ಎರಿ ಹೊಲ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಅಡ್ಡಮಳೆಯ ಬಿರುಗಾಳಿ ಏಳುವುದೂ ಆ ಬೇಸಿಗೆಯಲ್ಲೇ. ಇಲ್ಲಿ ಉತ್ತಿ ಬಿತ್ತುವ ಎಲ್ಲರಿಗೂ ಇದು ಗೊತ್ತು. ಸೋಲಾರ್ ಕೂಡಿಸಲು ಬಂದ ಕಂಪನಿಯ ಎಂಜಿನಿಯರಿಗೆ ಗೊತ್ತಿರಲಿಲ್ಲ, ಹೇಳಿದರೂ ಕೇಳಲಿಲ್ಲ.

ಈ ಲೇಖಕನ ಬೋರ್ ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) ದೂರ. 500 ಮೀಟರ್ ದಾಟಿದ ಬೋರಿಗೆ ಲೈನ್ ಇಲ್ಲ, ಸೋಲಾರ್ ಹಾಕಿಸಿಕೊಳ್ಳಿ ಎಂಬುದು ರಾಜ್ಯ ಸರ್ಕಾರದ ನಿಲುವು. ಸೋಲಾರ್ ಪಂಪಿಗೆ ಸಬ್ಸಿಡಿ ಕೊಡುವ ಪಿಎಂ ಕುಸುಮ್ ಯೋಜನೆಯ ‘ಬಿ’ ಭಾಗದಲ್ಲಿ ವೆಚ್ಚದ ಪಾಲು ಕೇಂದ್ರದ್ದು ಶೇ 30, ರಾಜ್ಯದ್ದು ಶೇ 50, ರೈತನದು ಶೇ 20 ಎಂದಿತ್ತು. 5 ಎಚ್‌ಪಿ ಮೋಟರಿಗೆ 4,800 ವಾಟಿನ ಪ್ಲೇಟು ಬಂದವು. ಪಕ್ಕದ ಹೊಲದವರು ರಾತ್ರಿ ತ್ರೀಫೇಸ್ ಕಾಯುತ್ತ ಬ್ಯಾಟರಿ ಹಿಡಿದು ಓಡಾಡುವಾಗ, ಇಲ್ಲಿ ಬಿಸಿಲೇರಿದರೆ ಸಾಕು, ದಾಳಿಂಬೆ ಸಾಲಿಗೆ ಡ್ರಿಪ್ ಹನಿಯುತ್ತಿತ್ತು.

ಪ್ಲೇಟಿನ ಕಂಬಗಳಿಗೆ ತಗ್ಗು ತೋಡುವಾಗಲೇ ಲೇಖಕ ತಕರಾರು ತೆಗೆದಿದ್ದ. ಎರಿ ಮಣ್ಣು ದಾಟಿ ಗರಸು ಸಿಗುವ ತನಕ ಇಳಿಯಿರಿ ಎಂದ. “ಎಲ್ಲಾ ಕಡೆ ಇಷ್ಟ ರೀ” ಎಂದ ಎಂಜಿನಿಯರ್. ಅಣ್ಣನೂ ಅವನ ಕಡೆಗೇ: “ಸರ್ಕಾರದ ಮಾಲು ಬಂದೈತಿ, ಸುಮ್ನ ಹಾಕಿಸ್ಕೋ ತಮ್ಮಾ. ಮಂದಿ ಕಾಯಾಕತ್ತಾರ.” ಉತಾರ ಅಣ್ಣನ ಹೆಸರಿನಲ್ಲಿತ್ತು, ಸಹಿಯೂ ಅವನದೇ ಆಯಿತು.

ಮೇ ತಿಂಗಳ ಒಂದು ಮಧ್ಯಾಹ್ನ ಕುಕನೂರು ಕಡೆಯಿಂದ ಧೂಳೆದ್ದಿತು. ಗಾಳಿ ಪ್ಲೇಟುಗಳ ಅಡಿಗೆ ನುಗ್ಗಿ ಎತ್ತತೊಡಗಿತು. ಕಂಬದ ಬುಡದಲ್ಲಿ ಕಾಂಕ್ರೀಟಿಗೂ ಮಣ್ಣಿಗೂ ನಡುವೆ ಮೊದಲೇ ಬೆರಳಗಲ ಸಂದು ಬಿಟ್ಟಿತ್ತು. ಒಂದೊಂದು ಹೊಡೆತಕ್ಕೂ ಅದು ಅಗಲವಾಗುತ್ತ ಹೋಯಿತು. ಕೊನೆಗೆ ಮೂಲಂಗಿ ಕಿತ್ತಂತೆ ಕಂಬ ಕಾಂಕ್ರೀಟ್ ಗಡ್ಡೆ ಸಮೇತ ಮೇಲೆದ್ದಿತು. ಉಳಿದ ಕಂಬಗಳು ಬಗ್ಗಿದವು. ಇಡೀ ಸ್ಟ್ರಕ್ಚರ್ ಮಗುಚಿ ಹೂಬಿಟ್ಟ ಗಿಡಗಳ ಮೇಲೆ ಬಿತ್ತು. ಗಾಜು ಪುಡಿಯಾದದ್ದು ಮಳೆಯ ಸದ್ದಿನಲ್ಲೂ ಕೇಳಿಸಿತು.

ಮಳೆ ನಿಂತು ಬಿಸಿಲು ಬಂತು. ನಿಜವಾದ ಅಪಾಯ ಆಗ. ಬೆಳಕು ಬಿದ್ದರೆ ಒಡೆದ ಪ್ಲೇಟಿನಲ್ಲೂ ಕರೆಂಟು ಹುಟ್ಟಬಹುದು, ಸಾಲಾಗಿ ಜೋಡಿಸಿದ್ದರೆ ನೂರಾರು ವೋಲ್ಟ್ ಡಿಸಿ. ಕಂಟ್ರೋಲರ್ ಆಫ್ ಮಾಡಿದರೂ ಪ್ಲೇಟಿನ ವೈರಿನಲ್ಲಿ ಅದು ಸಾಯುವುದಿಲ್ಲ. ಅಣ್ಣ ಒದ್ದೆ ಕೈಯಲ್ಲೇ ಫ್ರೇಮು ಎತ್ತಲು ಬಾಗಿದ್ದ. ಲೇಖಕ ಅವನ ಅಂಗಿ ಹಿಡಿದು ಹಿಂದಕ್ಕೆ ಜಗ್ಗಿದ. ಕತ್ತಲಾಗುವ ತನಕ ಯಾರನ್ನೂ ಹತ್ತಿರ ಬಿಡಲಿಲ್ಲ.

ಮರುದಿನ ಕಂಪನಿಯಿಂದ ಫೋನಿನಲ್ಲಿ ಸಿಕ್ಕ ಉತ್ತರ: “ಅದು ನೈಸರ್ಗಿಕ ವಿಕೋಪ ರೀ.” ಆದರೆ ಕೇಂದ್ರದ ಮಾನದಂಡದ ಪ್ರಕಾರ ಸ್ಟ್ರಕ್ಚರ್ ಗಂಟೆಗೆ 150 ಕಿ.ಮೀ. ವೇಗದ ಗಾಳಿ ತಡೆಯಬೇಕು. 5 ವರ್ಷದ ನಿರ್ವಹಣೆ ಪೂರೈಕೆದಾರನ ಹೊಣೆ, ವಿಕೋಪ ಮತ್ತು ಕಳವಿನ ವಿಮೆಯೂ ಅದರಲ್ಲೇ ಸೇರಿದೆ. ಅಂದರೆ ವಿಕೋಪ ಎನ್ನುವುದು ನುಣುಚಿಕೊಳ್ಳುವ ದಾರಿಯಲ್ಲ, ಪರಿಹಾರ ಕೊಡಬೇಕಾದ ಕಾರಣ. ಇದನ್ನು ಹೇಳಿದರೆ ಕಂಪನಿಯವರು ಸರ್ಕಾರಿ ಕಚೇರಿ ತೋರಿಸಿದರು, ಕಚೇರಿಯ ಅಧಿಕಾರಿ ಕಂಪನಿ ತೋರಿಸಿದ. ಅಷ್ಟರಲ್ಲಿ ನೀರಿಲ್ಲದೆ ಹೂವು ಉದುರಿತ್ತು.

ಮಾರಿದವನು ಹೀಗೆ ಸುಲಭವಾಗಿ ನುಣುಚಿಕೊಳ್ಳಲಾಗದ ಪದ್ಧತಿಯೂ ಇದೆ. ಪೂರ್ವ ಆಫ್ರಿಕಾದ ಕೀನ್ಯಾದಲ್ಲಿ ಸನ್‌ಕಲ್ಚರ್ ಎಂಬ ಕಂಪನಿ ಸಣ್ಣ ರೈತರಿಗೆ ಸೋಲಾರ್ ಪಂಪನ್ನು ಕಂತಿನ ಮೇಲೆ ಕೊಡುತ್ತದೆ. ಆ ನಾಡಿನಲ್ಲಿ 2007ರಿಂದಲೇ ಎಂ-ಪೇಸಾ ಇದೆ, ಮೊಬೈಲಿನಲ್ಲೇ ಹಣ ಕಟ್ಟುವ ರೂಢಿ ಗಟ್ಟಿಯಾಗಿದೆ. ಪಂಪು ಕೆಟ್ಟರೆ ಕಂತೂ ನಿಂತೀತು ಎಂಬ ಭಯ ಮಾರಿದವನಿಗಿರುತ್ತದೆ. ನಮ್ಮಲ್ಲಿ ಸಬ್ಸಿಡಿ ದೊಡ್ಡದು, ರೈತನ ಪಾಲು ಚಿಕ್ಕದು. ಆದರೆ ಆ ಪಾಲನ್ನು ಮೊದಲೇ ಕಟ್ಟಿಬಿಟ್ಟಿರುತ್ತೇವೆ, ಆಮೇಲೆ ಹಿಡಿದು ನಿಲ್ಲಿಸಲು ಕೈಯಲ್ಲಿ ಏನೂ ಉಳಿಯುವುದಿಲ್ಲ.

ಸೋಲಾರ್ ಬೇಡವೆಂದು ಲೇಖಕ ಯಾರಿಗೂ ಹೇಳುವುದಿಲ್ಲ. ಸಹಿಗೆ ಮುಂಚೆ ವಿಮೆ ಪಾಲಿಸಿಯ ಪ್ರತಿ ಕೇಳಿ, ತಗ್ಗಿಗೆ ಟೇಪು ಇಳಿಸಿ ಫೋಟೊ ತೆಗೆದಿಡಿ. ಗಾಳಿ ನಿಂತ ಮೇಲೆ ಬಿದ್ದ ಪ್ಲೇಟು ಮುಟ್ಟಬೇಡಿ. ಕಾಂಕ್ರೀಟ್ ತುಂಬುವ ಮುಂಚೆ ಅಧಿಕಾರಿ ಹೊಲಕ್ಕೇ ಬಂದು ತಗ್ಗು ಅಳೆಯಬೇಕು. ಕಂಪನಿಗೆ ಸಬ್ಸಿಡಿ ಬಿಡುಗಡೆಯಾಗುವುದು ಆ ಅಳತೆಯ ಮೇಲೆ ಎಂದಾಗಲಿ.