‘ಬಗರ್‌ಹುಕುಂ’: ಒಂದು ಕಂದಾಯ ಪದದ ಅರ್ಥಪಲ್ಲಟ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳ ರೈತರ ಮಾತಿನಲ್ಲಿ ‘ಬಗರ್‌ಹುಕುಂ ಮಂಜೂರಾಯಿತು’ ಎಂಬ ಪ್ರಯೋಗ ಸಾಮಾನ್ಯ. ನಿಷ್ಪತ್ತಿಯ ದೃಷ್ಟಿಯಿಂದ ಇದೊಂದು ವಿರೋಧಾಭಾಸ. ಅರಬ್ಬಿಯ ‘ಬಿ’ ಮತ್ತು ‘ಗೈರ್’ ಕೂಡಿ ‘ಹೊರತು, ಇಲ್ಲದೆ’ ಎಂಬ ಅರ್ಥ ಕೊಡುತ್ತವೆ. ‘ಹುಕ್ಮ್’ ಎಂದರೆ ಆಜ್ಞೆ. ಪಾರಸಿ, ಉರ್ದುಗಳ ಮೂಲಕ ಕನ್ನಡಕ್ಕೆ ಬರುವಾಗ ‘ಬಗೈರ್’ನ ಸಂಧ್ಯಕ್ಷರ ಅಳಿದು, ‘ಹುಕ್ಮ್’ನ ಒತ್ತಕ್ಷರದ ನಡುವೆ ಉಕಾರ ಸೇರಿತು. ಹಾಗಾಗಿ ಮಂಜೂರಾಗುತ್ತಿರುವುದು, ಅಕ್ಷರಶಃ, ‘ಆಜ್ಞೆಯಿಲ್ಲದೆ’ ಎಂಬುದು!

ಆಡಳಿತದ ಭಾಷೆ ಬೇರೆಡೆಯಿಂದ ಬರುವುದು ಕನ್ನಡಕ್ಕೆ ಮಾತ್ರ ವಿಶಿಷ್ಟವಲ್ಲ. ದಸ್ತಾವೇಜು ಬರೆದು ದೃಢೀಕರಿಸುವವನಿಗೆ ಡಚ್ಚರು ಹೇಳುವ ‘ನೋಟಾರಿಸ್’ ಲ್ಯಾಟಿನ್ನಿನ ‘ನೋಟಾರಿಯಸ್’ನಿಂದ ಬಂದುದು, ಮೂಲದಲ್ಲಿ ಅವನು ಶೀಘ್ರಲಿಪಿಕಾರ. ಹ್ಯೂಗೋ ಗ್ರೋಶಿಯಸ್ 1631ರಲ್ಲಿ ಹಾಲೆಂಡಿನ ಕಾನೂನನ್ನು ಕುರಿತ ಗ್ರಂಥವನ್ನು ಲ್ಯಾಟಿನ್ ಬಿಟ್ಟು ಡಚ್ಚಿನಲ್ಲಿ ಪ್ರಕಟಿಸಿದರೂ ಆ ಪದ ಉಳಿಯಿತು. ಕನ್ನಡದ ಕಂದಾಯ ಪರಿಭಾಷೆಗೆ ಪಾರಸಿಯೇ ಅಂಥ ಲ್ಯಾಟಿನ್. ಹೊಸನಗರ ತಾಲೂಕಿನ ಬಿದನೂರು 1763ರಲ್ಲಿ ಹೈದರಾಲಿಯ ವಶವಾದ ಬಳಿಕ ಈ ಸೀಮೆಯಲ್ಲಿ ಅದರ ಪ್ರಭಾವ ಇನ್ನಷ್ಟು ದಟ್ಟವಾಗಿರಬೇಕು.

ಗಮನಾರ್ಹವಾದುದು ಎರವಲಲ್ಲ, ಎರವಲಿನ ನಂತರದ ಬದುಕು. ಕನ್ನಡದಲ್ಲಿ ಈ ಅಭಾವಸೂಚಕ ಪದಪುಂಜ ನಾಮಪದವಾಗಿದೆ. ‘ಬಗರ್‌ಹುಕುಂ ಜಮೀನು’ ಎಂದಾಗ ಅದು ತರಿ, ಖುಷ್ಕಿ, ಬಾಗಾಯ್ತುಗಳ ಸಾಲಿಗೆ ಸೇರಿದ ಇನ್ನೊಂದು ಭೂವರ್ಗ. ಪಾರಸಿಯದೇ ‘ದಾರ’ ಪ್ರತ್ಯಯ ಸೇರಿದ ‘ಬಗರ್‌ಹುಕುಂದಾರ’ ಎಂಬ ರೂಪದಲ್ಲಂತೂ ಇಲ್ಲದ ಆಜ್ಞೆಯನ್ನೇ ಹೊಂದಿರುವವನು ಹುಟ್ಟಿಕೊಂಡಿದ್ದಾನೆ.

ಇದನ್ನು ಜನರ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. 1964ರ ಲಿಂಗನಮಕ್ಕಿ ಜಲಾಶಯದಿಂದ ಸಾಗರ, ಹೊಸನಗರಗಳ ಅನೇಕ ಕುಟುಂಬಗಳು ನೆಲೆ ಕಳೆದುಕೊಂಡವು. ಊರು ಬಿಡಲು ಆಜ್ಞೆಯಿತ್ತು. ಹೊಸದಾಗಿ ಉತ್ತ ನೆಲಕ್ಕೆ ಹಲವರಿಗೆ ಹಕ್ಕುಪತ್ರ ದೊರೆಯಲಿಲ್ಲ. 1964ರ ಭೂಕಂದಾಯ ಅಧಿನಿಯಮಕ್ಕೆ 1991ರಲ್ಲಿ 94ಎ ಪ್ರಕರಣ ಸೇರಿ, ನಮೂನೆ 50, ಆಮೇಲೆ 53, 2018ರಲ್ಲಿ 57 ಎಂದು ಅರ್ಜಿಗಳು ಬಂದಂತೆ ಪದಕ್ಕೆ ನಿರೀಕ್ಷೆಯ ಅರ್ಥಛಾಯೆ ಕೂಡಿತು.

ಇದೇ ಕ್ರಿಯೆಗೆ ಅರಣ್ಯ ಇಲಾಖೆಯ ಪದ ‘ಒತ್ತುವರಿ’. ‘ಒತ್ತು’ ಧಾತುವಿನ ಈ ಅಚ್ಚಗನ್ನಡ ಶಬ್ದ ಉತ್ತವನನ್ನು ಆರೋಪಿಯಾಗಿಸುತ್ತದೆ. ಪರಕೀಯವಾದ ‘ಬಗರ್‌ಹುಕುಂ’ ಆಜ್ಞೆ ಬಂದಿಲ್ಲವೆಂದಷ್ಟೇ ಹೇಳುತ್ತದೆ. ಅದನ್ನು ಯಾರು ಕೊಡಬೇಕಿತ್ತು ಎಂಬ ಪ್ರಶ್ನೆಗೆ ಎಡೆಯಿಡುತ್ತದೆ. ಅದನ್ನು ‘ಅನಧಿಕೃತ ಸಾಗುವಳಿ’ ಎಂದು ಸಂಸ್ಕೃತೀಕರಿಸುವ ಪದಕೋಶದಲ್ಲಿ ಆ ಎಡೆ ಮುಚ್ಚಿಹೋಗುತ್ತದೆ.